ಮ್ಯಾರಿಸ್ ಚೆಂಡಿನ ಮೇಲೆ ಬುಡಿಗ್ ಹೆಸರು

ನನ್ನ ಮೇಜಿನ ಮೇಲೆ ನಕಲಿ ಸಹಿಯ ಒಂದು ಬೇಸ್‌ಬಾಲ್ ಇದೆ. ಕಾಗದ ಹಾರದಂತೆ ಇಡೋಕೆ ಬಳಸುತ್ತೇನೆ. ಅದಕ್ಕೆ 180 ಡಾಲರ್ ಕೊಟ್ಟಿದ್ದೆ.

ರೋಜರ್ ಮ್ಯಾರಿಸ್ ಸಹಿ ಅಂತ ಮಾರಿದ್ದರು. 1961ರಲ್ಲಿ ನ್ಯೂಯಾರ್ಕ್‌ನ ಯಾಂಕೀಸ್ ತಂಡದ ಪರ 61 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದವರು. ಜೊತೆಗೆ ಮಿರಮಿರ ಮಿಂಚುವ ಸ್ಟಿಕ್ಕರ್ ಇದ್ದ ಸರ್ಟಿಫಿಕೇಟ್ ಬೇರೆ. ಎರಡು ವಾರ ಸಹಿಯನ್ನೇ ನೋಡಿಕೊಂಡು ಬೀಗಿದೆ. ಆಮೇಲೊಂದು ದಿನ ಸುಮ್ನೆ ಚೆಂಡು ತಿರುಗಿಸಿದೆ. ಅಲ್ಲಿನ ಎರಡು ದೊಡ್ಡ ಬೇಸ್‌ಬಾಲ್ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್ ಅಧ್ಯಕ್ಷರ ಹೆಸರು ಅಚ್ಚಾಗಿತ್ತು: ಜೀನ್ ಬುಡಿಗ್. ಅವರು ಅಧ್ಯಕ್ಷರಾಗಿದ್ದು 1994ರಲ್ಲಿ. ಮ್ಯಾರಿಸ್ ತೀರಿಕೊಂಡಿದ್ದು 1985ರಲ್ಲಿ.

ಅವತ್ತಿನಿಂದ ಸಹಿ ನೋಡೋದು ಕೊನೆಗೆ. ಮೊದಲು ಚೆಂಡು. 1999ರವರೆಗೆ ಎರಡು ಲೀಗ್‌ಗಳಿಗೂ ಬೇರೆ ಬೇರೆ ಚೆಂಡು, ಅದರ ಮೇಲೆ ಆಯಾ ಅಧ್ಯಕ್ಷರ ಹೆಸರು. 2000ದಿಂದ ಎಲ್ಲರಿಗೂ ಒಂದೇ ಚೆಂಡು, ಎರಡೂ ಲೀಗ್‌ಗಳ ಮುಖ್ಯಸ್ಥರಾದ ಕಮಿಷನರ್ ಹೆಸರು. ಆಮೇಲೆ ಪೆನ್ನು. ಬಾಲ್ ಪೆನ್ ಅಮೆರಿಕದ ಅಂಗಡಿಗೆ ಬಂದಿದ್ದು 1945ರ ಕೊನೆಗೆ. ಯಾಂಕೀಸ್‌ನ ಹಳೇ ಆಟಗಾರ ಲೂ ಗೆರಿಗ್ 1941ರಲ್ಲೇ ತೀರಿಕೊಂಡಿದ್ದರು. ಗೆರಿಗ್ ಸಹಿ ಬಾಲ್ ಪೆನ್ನಲ್ಲಿದ್ದರೆ ಮುಂದೆ ಮಾತೇ ಬೇಡ.

ಇಷ್ಟು ದಾಟಿದರೆ ಭೂತಗನ್ನಡಿ. ನಾನು ಅಕ್ಷರದ ಆಕಾರಕ್ಕಿಂತ ವೇಗ ನೋಡುತ್ತೇನೆ. ಸಾವಿರಾರು ಸಲ ಸಹಿ ಹಾಕಿದ ಕೈ ಯೋಚಿಸುವುದಿಲ್ಲ. ಗೆರೆ ಸರ್ರನೆ ಹೋಗಿ ತುದಿಯಲ್ಲಿ ಸಣ್ಣಗಾಗುತ್ತದೆ. ನಕಲಿಯವನು ಬರೆಯುವುದಿಲ್ಲ, ಚಿತ್ರ ಬಿಡಿಸುತ್ತಾನೆ. ತಿರುವಲ್ಲಿ ನಿಲ್ಲುತ್ತಾನೆ, ನಿಂತಲ್ಲಿ ಶಾಯಿ ಗುಡ್ಡೆಯಾಗುತ್ತದೆ. ಆದರೆ ವಯಸ್ಸಾದ ಆಟಗಾರರ ಕೈಯೂ ನಡುಗುತ್ತದಲ್ವಾ? ಹಾಗಾಗಿ 30ನೇ ವಯಸ್ಸಿನ ಸಹಿಯನ್ನು 70ನೇ ವಯಸ್ಸಿನ ಸಹಿ ಪಕ್ಕ ಇಟ್ಟು ತೀರ್ಪು ಕೊಡಬಾರದು.

ನನಗೆ ತುಂಬಾ ಇಷ್ಟ ಮಿನೆಸೋಟ ಟ್ವಿನ್ಸ್ ತಂಡದ ಹಾರ್ಮನ್ ಕಿಲ್ಲಬ್ರೂ ಸಹಿ. 573 ಹೋಮ್ ರನ್ ಹೊಡೆದವರು, ಪ್ರತಿ ಅಕ್ಷರವನ್ನೂ ಓದುವಂತೆ ಬರೆಯುತ್ತಿದ್ದರು. ಟೋರಿ ಹಂಟರ್‌ನಂಥ ಕಿರಿಯರಿಗೂ ಗೀಚಬೇಡಿ ಅಂತ ಪಾಠ ಮಾಡಿದ್ದರು. ಅಂದವಾದ ಸಹಿ ನಕಲು ಮಾಡೋದು ಸುಲಭ ಅಂತ ಜನ ಅಂದುಕೊಳ್ಳುತ್ತಾರೆ. ನಾನು ಒಪ್ಪಲ್ಲ. ಅಕ್ಷರ ಜಾಸ್ತಿ ಇದ್ದಷ್ಟೂ ಎಡವುವ ಜಾಗ ಜಾಸ್ತಿ. ಕಷ್ಟ ಕೊಡೋದು ಈಗಿನವರ ಎರಡು ಗೀರು.

ಸರ್ಟಿಫಿಕೇಟ್ ನಂಬಿ ಕೆಟ್ಟವನು ನಾನೊಬ್ಬನೇ ಅಲ್ಲ ಬಿಡಿ. 1990ರ ದಶಕದಲ್ಲಿ ಟೋನಿ ಗ್ವಿನ್ ತಮ್ಮದೇ ಪ್ಯಾಡ್ರೆಸ್ ತಂಡದ ಅಂಗಡಿಯಲ್ಲಿ ತಮ್ಮದೇ ನಕಲಿ ಸಹಿ ಕಂಡಿದ್ದರು. ಎಫ್‌ಬಿಐನ ‘ಆಪರೇಷನ್ ಬುಲ್‌ಪೆನ್’ ತನಿಖೆ ನಕಲಿ ಸಹಿಗಳ ಜಾಲ ಹಿಡಿದಾಗ ಮದರ್ ತೆರೇಸಾ ಸಹಿ ಇದ್ದ ಬೇಸ್‌ಬಾಲ್ ಕೂಡ ಸಿಕ್ಕಿತ್ತು!

ಕಳೆದ ತಿಂಗಳು ಪಕ್ಕದ ಮನೆಯ ಹಿರಿಯರು 1965ರ ಮಿನೆಸೋಟ ಟ್ವಿನ್ಸ್ ತಂಡದ ಚೆಂಡು ತಂದರು. ಅವರಪ್ಪ ಕೊಟ್ಟಿದ್ದಂತೆ. ಆಗಿನ ಲೀಗ್ ಅಧ್ಯಕ್ಷ ಜೋ ಕ್ರೋನಿನ್ ಹೆಸರು, ಸರಿ. ಬಾಲ್ ಪೆನ್, ಸರಿ. ಎಲ್ಲಾ ಸಹಿಯಲ್ಲೂ ವೇಗ ಇದೆ. ಆದರೆ ಕಿಲ್ಲಬ್ರೂ ಮತ್ತು ಪಕ್ಕದ ಎರಡು ಹೆಸರು ಒಂದೇ ಕಡೆ ವಾಲಿದ್ದವು, ಒಂದೇ ಒತ್ತು. ಮೂರೂ ಒಬ್ಬನದೇ ಕೈ. ಆಗೆಲ್ಲ ಆಟಗಾರರ ಬದಲು ತಂಡದ ಕ್ಲಬ್‌ಹೌಸ್‌ನಲ್ಲಿ ಕೆಲಸಕ್ಕಿದ್ದ ಹುಡುಗರೇ ಸಹಿ ಹಾಕುವುದಿತ್ತು. ಮೋಸ ಮಾಡಬೇಕು ಅಂತಲ್ಲ, ಕೆಲಸ ಮುಗಿಸಬೇಕು ಅಂತ.

ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಚೆಂಡನ್ನು ವಾಪಸ್ ಕಾಲುಚೀಲದೊಳಗೆ ತುರುಕಲು ಹೋದವರು ನಿಂತರು.

“ಉಳಿದವು?” ಅಂದರು.

ಮತ್ತೆ ಭೂತಗನ್ನಡಿ ಎತ್ತಿಕೊಂಡೆ.