ಮುಳುಗಿದ ಸೂರ್ಯ ಮತ್ತೆ ಮೇಲೆದ್ದ ಹಾರಾಟ

ಫೋನಿನ ಮ್ಯಾಪಿನಲ್ಲಿ ನಾರ್ವೆಯ ಟ್ರೋಮ್ಸೊಗೂ ಸ್ವಾಲ್ಬಾರ್ಡ್ ದ್ವೀಪಸಮೂಹದ ಲಾಂಗಿಯರ್‌ಬೀನ್‌ಗೂ ನಡುವಿನ ಸಮುದ್ರ ನೋಡಿದರೆ ಎದೆ ಝಲ್ಲೆನ್ನುತ್ತದೆ. ಅದೇ ಮ್ಯಾಪಿನಲ್ಲಿ ಕನ್ಯಾಕುಮಾರಿಯಿಂದ ಲಡಾಖಿನ ತುದಿಯವರೆಗೆ ಭಾರತ ಎಷ್ಟುದ್ದ ಕಾಣುತ್ತದೋ ಹೆಚ್ಚೂಕಡಿಮೆ ಅಷ್ಟೇ ಉದ್ದ! ಭಾರತದ ಆ ಉದ್ದ 3,200 ಕಿ.ಮೀ. ದಾಟುತ್ತದೆ, ಈ ಎರಡು ವಿಮಾನ ನಿಲ್ದಾಣಗಳ ನಡುವೆ ಇರುವುದು 960 ಕಿ.ಮೀ. ಆಸುಪಾಸು. ಫೋನಿನಲ್ಲಿ ಕಾಣುವುದು ದುಂಡು ಭೂಮಿಯನ್ನು ಚಪ್ಪಟೆಯಾಗಿ ಹಾಸುವ ಮರ್ಕೇಟರ್ ನಕ್ಷೆ, ಅದು ಧ್ರುವದ ಕಡೆ ಹೋದಂತೆಲ್ಲ ನೆಲವನ್ನು ರಬ್ಬರಿನ ಹಾಗೆ ಎಳೆಯುತ್ತದೆ. ನಿಜ ದೂರಕ್ಕೆ ಅಕ್ಷಾಂಶ ಸಾಕು. ಟ್ರೋಮ್ಸೊ ನಿಲ್ದಾಣ 69.7 ಡಿಗ್ರಿ, ಲಾಂಗಿಯರ್‌ಬೀನ್ 78.2. ಎಂಟೂವರೆ ಡಿಗ್ರಿ, ಡಿಗ್ರಿಗೆ 111 ಕಿ.ಮೀ. ವಿಮಾನ ಬಹುತೇಕ ನೆಟ್ಟಗೆ ಉತ್ತರಕ್ಕೇ ಹೋಗುವುದರಿಂದ ಗುಣಿಸಿದರೆ ಆಯಿತು.

ಟಿಕೆಟ್ಟಿನಲ್ಲಿ ಹಾರಾಟದ ಅವಧಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ. ಗಂಟೆಗೆ 800 ಕಿ.ಮೀ. ವೇಗದ ಬೋಯಿಂಗ್ 737ಗೆ ಅಷ್ಟೇಕೆ ಬೇಕು ಅನ್ನಿಸಬಹುದು. ಆದರೆ ಆ ವೇಗ ಸಿಗುವುದು ಮೇಲೇರಿದ ಮೇಲೆ. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು ಎಲ್ಲ ಈ ಲೆಕ್ಕದಲ್ಲೇ ಸೇರಿರುತ್ತವೆ. ನಮಗಂತೂ ಹೊರಡುವ ಮುಂಚೆ ರೆಕ್ಕೆಯ ಮೇಲಿನ ಹಿಮ ಕರಗಿಸುವ ದ್ರವ ಚಿಮ್ಮಿಸುತ್ತ ಒಂದಿಷ್ಟು ಹೊತ್ತು ಹೋಯಿತು.

ಅದಕ್ಕೂ ಮುಂಚೆ ಪಾಸ್‌ಪೋರ್ಟ್ ತಪಾಸಣೆ. ಸ್ವಾಲ್ಬಾರ್ಡ್ ನಾರ್ವೆಯದೇ ಆದರೂ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟವಾದ ಷೆಂಗೆನ್ ವಲಯದ ಆಚೆಗಿದೆ. ಅಲ್ಲಿರಲು ವೀಸಾ ಬೇಕಿಲ್ಲ. ಆದರೆ ಒಂದೇ ಪ್ರವೇಶದ ಷೆಂಗೆನ್ ವೀಸಾ ಹಿಡಿದು ಹೋದ ಭಾರತೀಯನಿಗೆ ಹಿಂದಿರುಗಿ ಟ್ರೋಮ್ಸೊದೊಳಗೆ ಕಾಲಿಡಲು ದಾರಿಯಿಲ್ಲ. ಕನಿಷ್ಠ ಎರಡು ಪ್ರವೇಶದ ವೀಸಾ ಮಾಡಿಸಿಕೊಂಡೇ ಹೊರಡಿ. ನನ್ನನ್ನು ಕೇಳಿದರೆ, ದಾರಿಯ ನಿಜವಾದ ದೂರ ಇರುವುದು ಈ ಕಾಗದದಲ್ಲೇ.

ಅದು ಏಪ್ರಿಲ್ ಕೊನೆಯ ವಾರ, ರಾತ್ರಿ ವಿಮಾನ. ಟ್ರೋಮ್ಸೊದಲ್ಲಿ ಸೂರ್ಯ ಆಗಷ್ಟೇ ಮುಳುಗಿದ್ದ. ಊರಿನ ದೀಪಗಳು ಹತ್ತಿಕೊಳ್ಳುತ್ತಿದ್ದವು. ಎಡಗಡೆಯ ಕಿಟಕಿ ಸಿಕ್ಕಿದ್ದು ಪುಣ್ಯ. ಬೇರೆಂಟ್ಸ್ ಸಮುದ್ರದ ಮೇಲೆ ಹೋಗುತ್ತಿದ್ದಂತೆ ವಾಯವ್ಯದ ಕೆಂಪು ಆರುವ ಬದಲು ಬೆಳಗತೊಡಗಿತು. ಮೊದಲು ರೆಕ್ಕೆಯ ತುದಿಗೆ ಕಿತ್ತಳೆ ಬಣ್ಣದ ಗೆರೆ. ಆಮೇಲೆ ಮುಳುಗಿದ್ದ ಸೂರ್ಯನೇ ಮೋಡದ ಅಂಚಿನಿಂದ ಇಷ್ಟಿಷ್ಟೇ ಮೇಲೆ ಬಂದ, ಅದೂ ಮುಳುಗಿದ ದಿಕ್ಕಿನಲ್ಲೇ. ಲಾಂಗಿಯರ್‌ಬೀನ್‌ನಲ್ಲಿ ಏಪ್ರಿಲ್ 20ರ ಸುಮಾರಿಗೆ ಮೇಲೇರಿದ ಸೂರ್ಯ ಆಗಸ್ಟ್ ಉತ್ತರಾರ್ಧದವರೆಗೆ ಮುಳುಗುವುದೇ ಇಲ್ಲ. ನಾವು ಆ ಗಡಿ ದಾಟಿದ್ದೆವು. ಪಕ್ಕದಲ್ಲಿ ಕೂತ ಸ್ಥಳೀಯ ಹೆಂಗಸು ಒಮ್ಮೆ ನೋಡಿ, ಕಣ್ಣಿಗೆ ಪಟ್ಟಿ ಎಳೆದುಕೊಂಡು ಮಲಗಿದಳು.

1975ರಲ್ಲಿ ಆರಂಭವಾದ ಲಾಂಗಿಯರ್‌ಬೀನ್ ನಿಲ್ದಾಣದ ರನ್‌ವೇ ಸದಾ ಹೆಪ್ಪುಗಟ್ಟಿರುವ ನೆಲದ ಮೇಲಿದೆ. ಸಾರ್ವಜನಿಕರಿಗೆ ನಿಗದಿತ ವಿಮಾನಗಳಿರುವ, ಜಗತ್ತಿನ ತೀರಾ ಉತ್ತರದ ನಿಲ್ದಾಣ ಇದು; ಇಲ್ಲಿಂದ ಉತ್ತರ ಧ್ರುವಕ್ಕೆ ಸುಮಾರು 1,300 ಕಿ.ಮೀ. ಮಾತ್ರ. ಲಗೇಜ್ ಬೆಲ್ಟಿನ ನಡುವೆ ಹುಲ್ಲು ತುಂಬಿಸಿದಂಥ ಹಿಮಕರಡಿಯೊಂದು ನಿಂತಿದೆ. ಅದರ ಸುತ್ತ ನಮ್ಮ ಸೂಟ್‌ಕೇಸುಗಳ ಪ್ರದಕ್ಷಿಣೆ.

ಇಲ್ಲಿಂದ ಇನ್ನೂ ಉತ್ತರಕ್ಕೆ, ಸುಮಾರು 110 ಕಿ.ಮೀ. ಆಚೆಗೆ ನಿ-ಓಲೆಸುಂಡ್ ಎಂಬ ಸಂಶೋಧಕರ ಊರು. 2008ರಿಂದ ಭಾರತದ ‘ಹಿಮಾದ್ರಿ’ ಕೇಂದ್ರ ಇರುವುದು ಅಲ್ಲೇ. ಆ ಪುಟ್ಟ ದಾರಿಯಲ್ಲಿ ಹಾರಿಕೊಂಡು ಬಂದಿರುವುದು ಡಾರ್ನಿಯರ್ 228 ಎಂಬ ಸಣ್ಣ ವಿಮಾನ, ಅರ್ಧ ಗಂಟೆಯೂ ಹಿಡಿಯದ ಹಾರಾಟ. ನಮ್ಮ ಬೆಂಗಳೂರಿನ ಎಚ್‌ಎಎಲ್ ಕಾನ್ಪುರದ ಘಟಕದಲ್ಲಿ ಲೈಸೆನ್ಸ್ ಪಡೆದು ತಯಾರಿಸುವುದು ಇದೇ ಮಾದರಿಯನ್ನು. ಹೋಗೋಣವೆಂದರೆ ಸೀಟುಗಳು ಸಂಶೋಧನೆಯ ಕೆಲಸದವರಿಗೆ. ನಮ್ಮಂಥ ಪ್ರವಾಸಿಗರು ಬೇಸಿಗೆಯಲ್ಲಿ ಹಡಗು ಹಿಡಿಯಬೇಕು.