ಎರಡು ರಕ್ತಪರೀಕ್ಷೆಗಳ ನಡುವಿನ ಹನ್ನೆರಡು ವಾರ

ವರದಿ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ಒಟ್ಟು ಕೊಲೆಸ್ಟರಾಲ್ ಎಂಬ ಸಾಲಿನ ಮೇಲೆ. ಅದನ್ನು ನೋಡಿ ಗಾಬರಿಯಾಗುವವರಿದ್ದಾರೆ, ನಿರಾಳರಾಗುವವರೂ ಇದ್ದಾರೆ. ಎರಡಕ್ಕೂ ಆ ಒಂದು ಸಾಲು ಸಾಲದು. ಒಂದು ವರದಿಯನ್ನೇ ಎದುರಿಗಿಟ್ಟುಕೊಂಡು ಮಾತಾಡೋಣ: ಒಟ್ಟು 248, ಎಚ್‌ಡಿಎಲ್ ('ಒಳ್ಳೆಯ' ಕೊಲೆಸ್ಟರಾಲ್) 44, ಟ್ರೈಗ್ಲಿಸರೈಡ್ (ರಕ್ತದಲ್ಲಿ ಓಡಾಡುವ ಕೊಬ್ಬು) 190, ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಎಲ್‌ಡಿಎಲ್, ಅಂದರೆ 'ಕೆಟ್ಟ' ಕೊಲೆಸ್ಟರಾಲ್, 166 ಎಂದು ಅಚ್ಚಾಗಿದೆ. ಬಹಳಷ್ಟು ಪ್ರಯೋಗಾಲಯಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕಿ ಬರೆಯುತ್ತವೆ. 1972ರಲ್ಲಿ ಬಂದ ಫ್ರೀಡ್‌ವಾಲ್ಡ್ ಸೂತ್ರದ ಪ್ರಕಾರ ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಪಾಲನ್ನೂ ಕಳೆಯಬೇಕು. 248ರಲ್ಲಿ 44 ಹೋಯಿತು, 38 ಹೋಯಿತು, ಉಳಿದದ್ದು 166. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಆಗ ನೇರ ಅಳತೆಯನ್ನೇ ಕೇಳಬೇಕು.

ಇನ್ನೊಂದು ಅಂಕಿಯನ್ನು ಕೈಯಲ್ಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಕಳೆದರೆ ಸಿಗುವುದು ನಾನ್-ಎಚ್‌ಡಿಎಲ್; ಇಲ್ಲಿ 204. ರಕ್ತನಾಳದ ಗೋಡೆಯೊಳಗೆ ನುಸುಳಿ ಕೂರುವ ಎಲ್ಲ ಬಗೆಯ ಕಣಗಳೂ ಅದರಲ್ಲಿ ಸೇರಿರುತ್ತವೆ. ಉಪವಾಸ ಮಾಡದೆ ರಕ್ತ ಕೊಟ್ಟರೂ ಈ ಅಂಕಿ ಹೆಚ್ಚೇನೂ ಅಲುಗಾಡುವುದಿಲ್ಲ.

ಅಡುಗೆಮನೆಗೆ ಕೈ ಹಾಕುವ ಮುಂಚೆ ವೈದ್ಯರ ಜತೆ ತೀರ್ಮಾನವಾಗಬೇಕಾದ ವಿಷಯವೊಂದಿದೆ: ಈ ಏರಿಕೆ ಊಟದಿಂದಲೇ ಬಂದದ್ದೇ? ಥೈರಾಯ್ಡ್ ಗ್ರಂಥಿ ಮಂದವಾಗಿದ್ದರೆ ಎಲ್‌ಡಿಎಲ್ ಏರುತ್ತದೆ. ಹಾಗಾಗಿ ಟಿಎಸ್‌ಎಚ್ ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಪಥ್ಯ ಹಿಡಿಯುವುದು ವ್ಯರ್ಥ ಶ್ರಮವಾಗಬಹುದು. ಮೂತ್ರದಲ್ಲಿ ಪ್ರೋಟೀನ್ ಸೋರುವ ಕಿಡ್ನಿ ಕಾಯಿಲೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಮಾತ್ರೆ, ಗರ್ಭಾವಸ್ಥೆ ಇವೂ ಅಂಕಿಗಳನ್ನು ಏರಿಸುತ್ತವೆ. ಇನ್ನು ಎಲ್‌ಡಿಎಲ್ 190 ಅಥವಾ ಅದಕ್ಕೂ ಮೇಲಿದ್ದು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿದ್ದರೆ ಅದು ವಂಶವಾಹಿಯಿಂದ ಬಂದ ತೊಂದರೆ ಇರಬಹುದು. ಸುಮಾರು 250 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಅಂಥವರಿಗೆ ಪಥ್ಯ ಬೇಕು, ಆದರೆ ಪಥ್ಯವೊಂದೇ ಸಾಲದು. ಅವರಿಗೆ "ಮೊದಲು ಆರು ತಿಂಗಳು ಊಟದಲ್ಲೇ ನೋಡೋಣ" ಎಂದು ಸಲಹೆ ಕೊಡುವುದು ಅಪಾಯ.

ನಮ್ಮ ಎದುರಿನ 166ರ ವರದಿಯಲ್ಲಿ ಇದ್ಯಾವುದೂ ಇಲ್ಲವೆಂದು ಖಾತ್ರಿಯಾಯಿತು ಅಂದುಕೊಳ್ಳೋಣ. ಮಾಡಬೇಕಾದದ್ದು ಶುರುವಾಗುವುದು ಇಲ್ಲಿಂದ.

ಮೊದಲ ಎರಡು ವಾರ ಗಮನವೆಲ್ಲ ಬೆಣ್ಣೆ, ತುಪ್ಪ, ತೆಂಗಿನೆಣ್ಣೆಗಳಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬಿನ ಮೇಲಿರಲಿ. ದೇಹದ ಕೊಲೆಸ್ಟರಾಲ್‌ನ ಬಹುಪಾಲು ದೇಹದೊಳಗೇ ತಯಾರಾಗುತ್ತದೆ. ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವ ಮುಖ್ಯ ಕೆಲಸ ಲಿವರಿನದು. ಹಾಗೆ ಎಳೆದುಕೊಳ್ಳಲು ಅದರ ಜೀವಕೋಶಗಳ ಮೈಮೇಲೆ ಗ್ರಾಹಕಗಳಿವೆ. ಅವನ್ನು ಪತ್ತೆ ಮಾಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಾಗ ಈ ಗ್ರಾಹಕಗಳ ಕೆಲಸ ಕುಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತದೆ. ಮೊಟ್ಟೆಯ ಹಳದಿಯಲ್ಲಿ ಸುಮಾರು 185 ಮಿಲಿಗ್ರಾಂ ಕೊಲೆಸ್ಟರಾಲ್ ಇದ್ದರೂ ಹೆಚ್ಚಿನವರಲ್ಲಿ ಅದು ಮಾಡುವ ಏರಿಕೆ, ಬೆಣ್ಣೆ ಮಾಡುವ ಏರಿಕೆಗಿಂತ ಕಡಿಮೆ ಇರುವುದು ಇದೇ ಕಾರಣಕ್ಕೆ. ಮೊಟ್ಟೆ ಬಿಟ್ಟು, ಅದರ ಜಾಗಕ್ಕೆ ಬೆಣ್ಣೆ ಬಿಸ್ಕತ್ತು ತಂದುಕೊಂಡವರ ವರದಿ ಕೆಡುವುದೂ ಇದೇ ಕಾರಣಕ್ಕೆ.

ಎಲ್‌ಡಿಎಲ್ ಇಳಿಸಬೇಕಾದವರಿಗೆ ದಿನದ ಒಟ್ಟು ಕ್ಯಾಲೊರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ನೂರಕ್ಕೆ 5ರಿಂದ 6 ಇರಲಿ ಎನ್ನುತ್ತದೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು 13 ಗ್ರಾಂ. ಈ 13 ಗ್ರಾಂ ಎಷ್ಟು ಬೇಗ ಮುಗಿಯುತ್ತದೆ ನೋಡಿ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ 7 ಗ್ರಾಂ, ಅಷ್ಟೇ ತುಪ್ಪದಲ್ಲಿ ಸುಮಾರು 8, ತೆಂಗಿನೆಣ್ಣೆಯಲ್ಲಿ 11ಕ್ಕೂ ಹೆಚ್ಚು. 240 ಮಿಲಿಲೀಟರ್ ಕೆನೆ ತೆಗೆಯದ ಹಾಲಿನಲ್ಲಿ ನಾಲ್ಕೂವರೆ. 30 ಗ್ರಾಂ ಚೀಸ್‌ನಲ್ಲಿ ಸುಮಾರು 6. ಬಿಸ್ಕತ್ತು, ಕೇಕು, ಕರಿದ ಪೊಟ್ಟಣದ ತಿಂಡಿಗಳಲ್ಲಿ ಬಹಳ ಕಡೆ ಬಳಕೆಯಾಗುವ ಪಾಮ್ ಎಣ್ಣೆಯ ಅರ್ಧದಷ್ಟು ಕೊಬ್ಬು ಸ್ಯಾಚುರೇಟೆಡ್ ಬಗೆಯದೇ. ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ 'ಭಾಗಶಃ ಹೈಡ್ರೋಜನೀಕರಿಸಿದ' ಎಂಬ ಪದ ಕಂಡರೆ ಅದನ್ನು ಅಲ್ಲೇ ಇಟ್ಟು ಬನ್ನಿ. ಅದು ಟ್ರಾನ್ಸ್ ಕೊಬ್ಬು. ಎಲ್‌ಡಿಎಲ್ ಏರಿಸುವುದರ ಜತೆಗೆ ಎಚ್‌ಡಿಎಲ್ ಅನ್ನೂ ಇಳಿಸುತ್ತದೆ.

ಬಿಡುವುದಷ್ಟೇ ಅಲ್ಲ, ಬಿಟ್ಟದ್ದರ ಜಾಗಕ್ಕೆ ಏನು ಬಂತು ಎಂಬುದೇ ಇಲ್ಲಿ ಮುಖ್ಯ. ತುಪ್ಪ ಬಿಟ್ಟು ಹೊಟ್ಟೆ ತುಂಬಲು ಬಿಳಿ ಅನ್ನ, ಬ್ರೆಡ್ಡು, ಸಿಹಿ ಪಾನೀಯ ಹೆಚ್ಚಿಸಿಕೊಂಡರೆ ಎಲ್‌ಡಿಎಲ್ ಸ್ವಲ್ಪ ಇಳಿದರೂ ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ತಗ್ಗುತ್ತದೆ. 190 ಇದ್ದ ಟ್ರೈಗ್ಲಿಸರೈಡ್ 240 ಆಗಿ ಎರಡನೇ ವರದಿ ಬರುವುದು ಹೀಗೆ, ಅದೂ ಪಥ್ಯ ಕಟ್ಟುನಿಟ್ಟಾಗಿ ಮಾಡಿದವರಿಗೇ. ಬೆಣ್ಣೆಯ ಜಾಗಕ್ಕೆ ಸೂರ್ಯಕಾಂತಿ, ಸೋಯಾ, ಕನೋಲಾ, ಆಲಿವ್‌ನಂಥ ಎಣ್ಣೆ ಬರಬೇಕು. ಬಿಸ್ಕತ್ತಿನ ಜಾಗಕ್ಕೆ ಬೀಜಗಳು ಬರಬೇಕು. ಕೊಬ್ಬಿನ ಮಾಂಸದ ಜಾಗಕ್ಕೆ ಕಾಳು ಅಥವಾ ಮೀನು ಬರಬೇಕು. ಎಣ್ಣೆಗೂ ಅಳತೆ ಬೇಕು. ಒಂದು ದೊಡ್ಡ ಚಮಚ ಎಂದರೆ 15 ಮಿಲಿಲೀಟರ್, ಸುಮಾರು 120 ಕ್ಯಾಲೊರಿ. ಬಾಣಲೆಗೆ ಸುರಿಯುವಾಗ ಕಣ್ಣಳತೆ ಸುಳ್ಳು ಹೇಳುತ್ತದೆ, ಡಬ್ಬಿ ಹೇಳುವುದಿಲ್ಲ. ಡಬ್ಬಿ ಒಡೆದ ದಿನಾಂಕವನ್ನು ಅದರ ಮೇಲೇ ಬರೆದಿಡಿ. ನಾಲ್ವರ ಮನೆಯಲ್ಲಿ ಒಂದು ಲೀಟರ್ ಎಂಟು ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ ಎರಡು ದೊಡ್ಡ ಚಮಚ. ನಾಲ್ಕೇ ದಿನಕ್ಕೆ ಮುಗಿದರೆ ಅದರ ಇಮ್ಮಡಿ.

ಕಾಫಿಯ ವಿಷಯ ಯಾರೂ ಕೇಳುವುದಿಲ್ಲ, ಆದರೆ ಕೇಳಲೇಬೇಕು. ಕಾಫಿಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಮತ್ತು ಕಾವಿಯೋಲ್ ಎಂಬ ಪದಾರ್ಥಗಳಿವೆ. ಎಲ್‌ಡಿಎಲ್ ಏರಿಸುವುದರಲ್ಲಿ ಕೆಫೆಸ್ಟಾಲ್ ಬಲವಾದದ್ದು. ಪುಡಿ ಹಾಕಿ ಕುದಿಸಿದ ಕಾಫಿ, ಒತ್ತಿ ತೆಗೆಯುವ ಪ್ರೆಸ್ ಕಾಫಿಗಳಲ್ಲಿ ಅದು ಹೇರಳ. ಕಾಗದದ ಫಿಲ್ಟರ್ ಅದನ್ನು ಬಹುತೇಕ ಪೂರ್ತಿ ಹಿಡಿದಿಡುತ್ತದೆ, ಲೋಹದ ಜಾಲರಿ ಅಷ್ಟು ಹಿಡಿಯುವುದಿಲ್ಲ. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ಬೇರೇನೂ ಬದಲಿಸದೆ ಕಾಗದದ ಫಿಲ್ಟರಿಗೋ ಇನ್‌ಸ್ಟೆಂಟ್ ಪುಡಿಗೋ ಬದಲಾದರೂ ಅಂಕಿಯಲ್ಲಿ ವ್ಯತ್ಯಾಸ ಕಾಣಬಹುದು. ಕಾಫಿಯನ್ನೇ ಬಿಡಬೇಕಾಗಿಲ್ಲ.

ಮೂರನೇ ವಾರದಿಂದ ಸೇರಿಸುವ ಕೆಲಸ. ಇದರಲ್ಲಿ ಮೊದಲ ಸ್ಥಾನ ಕರಗುವ ನಾರಿನದು. ನೀರಿನಲ್ಲಿ ಲೋಳೆಯಾಗುವ ಈ ನಾರು ಕರುಳಿನಲ್ಲಿ ಪಿತ್ತಾಮ್ಲಗಳನ್ನು ಹಿಡಿದು ಹೊರಗೆ ಒಯ್ಯುತ್ತದೆ. ಪಿತ್ತ ಮರುತಯಾರಿಗೆ ಲಿವರಿಗೆ ಕೊಲೆಸ್ಟರಾಲ್ ಬೇಕು, ಅದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ಓಟ್ಸ್ ಮತ್ತು ಬಾರ್ಲಿಯಲ್ಲಿರುವ ಬೀಟಾ-ಗ್ಲುಕಾನ್ ಇಂಥ ನಾರು. ಪರಿಣಾಮ ಕಾಣಲು ದಿನಕ್ಕೆ 3 ಗ್ರಾಂ ಬೇಕು. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ಓಟ್ಸ್ ಪೊಟ್ಟಣದ ಮೇಲೆ ಹೃದಯಕ್ಕೆ ಹಿತ ಎಂಬ ಮಾತು ಬರೆಯಲು ಒಪ್ಪಿದ್ದು ಈ ಪ್ರಮಾಣದ ಮೇಲೆಯೇ. ಒಣ ಓಟ್ಸ್‌ನಲ್ಲಿ ಅದು ನೂರಕ್ಕೆ ಸುಮಾರು 4 ಪಾಲು. ಅಂದರೆ 75 ಗ್ರಾಂ ಒಣ ಓಟ್ಸ್ ಬೇಕು. ಹೆಚ್ಚಿನವರು ತಿನ್ನುವುದು ಮೂರು ಚಮಚ, 25-30 ಗ್ರಾಂ. "ಓಟ್ಸ್ ತಿಂದರೂ ಇಳಿಯಲಿಲ್ಲ" ಎನ್ನುವ ಮಾತಿನ ಹಿಂದೆ ಬಹಳ ಸಲ ಇರುವುದು ಈ ಕೊರತೆ. ಒಂದು ಹೊತ್ತಿಗೆ 75 ಗ್ರಾಂ ಕಷ್ಟವಾದರೆ ಬೆಳಿಗ್ಗೆ 40 ಗ್ರಾಂ ಓಟ್ಸ್, ರಾತ್ರಿ ಅನ್ನದ ಬದಲು ಅಷ್ಟೇ ಬಾರ್ಲಿ. ಬಾರ್ಲಿ ಬೇಯಿಸಿದ ನೀರು ಚೆಲ್ಲಬಾರದು, ನಾರಿನ ಒಂದಷ್ಟು ಪಾಲು ಅದರಲ್ಲೇ ಕರಗಿರುತ್ತದೆ. ಸಿಹಿ ಬೆರೆಸಿದ ದಿಢೀರ್ ಓಟ್ಸ್ ಪೊಟ್ಟಣ ಈ ಕೆಲಸಕ್ಕೆ ಬೇಡ.

ಇಸಬ್ಗೋಲ್ ಹೊಟ್ಟು ಇನ್ನೂ ಸುಲಭದ ದಾರಿ. ದಿನಕ್ಕೆ ಸುಮಾರು 10 ಗ್ರಾಂ ಗುರಿ, ಎರಡು ಹೊತ್ತಿಗೆ ಹಂಚಿ. ಮೊದಲ ವಾರ ಒಂದೇ ಸಣ್ಣ ಚಮಚದಿಂದ ಶುರು ಮಾಡಿ. ಕನಿಷ್ಠ ಒಂದು ದೊಡ್ಡ ಲೋಟ ನೀರಿಗೆ ಹಾಕಿ ಕಲಕಿ ತಕ್ಷಣ ಕುಡಿಯಬೇಕು, ಬಿಟ್ಟರೆ ಗಟ್ಟಿಯಾಗುತ್ತದೆ. ನೀರು ಕಡಿಮೆಯಾದರೆ ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳುವ ಅಪಾಯ ನಿಜವಾದದ್ದು. ನುಂಗಲು ತೊಂದರೆ ಇರುವವರು, ಹಿಂದೆ ಕರುಳು ಕಟ್ಟಿಕೊಂಡವರು ಮುಟ್ಟಬಾರದು. ಬೇರೆ ಮಾತ್ರೆಗಳಿಗೂ ಇದಕ್ಕೂ ನಡುವೆ ಎರಡು ಗಂಟೆ ಅಂತರವಿರಲಿ, ಇಲ್ಲದಿದ್ದರೆ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ.

ಕಾಳುಗಳು ದಿನಕ್ಕೆ 130 ಗ್ರಾಂ, ಬೇಯಿಸಿದ ಮೇಲಿನ ತೂಕ. ಇದರಿಂದ ಎಲ್‌ಡಿಎಲ್ ನೂರಕ್ಕೆ 5ರಷ್ಟು ಇಳಿಯುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ಒಮ್ಮೆಲೇ ಇಷ್ಟು ಶುರು ಮಾಡಿದರೆ ಹೊಟ್ಟೆ ಉಬ್ಬರಿಸಿ ಐದನೇ ದಿನಕ್ಕೇ ಬಿಡಬೇಕಾಗುತ್ತದೆ. ಎರಡು ದಿನಕ್ಕೊಮ್ಮೆ ಅರ್ಧ ಪ್ರಮಾಣದಿಂದ ಹೊರಟು ಮೂರು ವಾರದಲ್ಲಿ ಪೂರ್ತಿಗೆ ಬನ್ನಿ. ಎಂಟು ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿದರೆ ಉಬ್ಬರ ಕಡಿಮೆ. ರಾಜ್ಮಾ ಮಾತ್ರ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಯಲೇಬೇಕು, ಅರೆಬೆಂದದ್ದು ವಾಂತಿ ಮಾಡಿಸುತ್ತದೆ. ಬಾದಾಮಿ, ಅಕ್ರೋಟ್, ಕಡಲೆಬೀಜ ಯಾವುದಾದರೂ 30 ಗ್ರಾಂ. ಬಾದಾಮಿಯಾದರೆ 23-25 ಬೀಜ. ಅದರಲ್ಲಿ 170ಕ್ಕೂ ಹೆಚ್ಚು ಕ್ಯಾಲೊರಿ ಇರುವುದರಿಂದ ಬೇರೆ ತಿಂಡಿಯ ಬದಲಿಗೆ ತಿನ್ನಬೇಕು, ಅದರ ಮೇಲೆ ಅಲ್ಲ. ಸಸ್ಯ ಸ್ಟೆರಾಲ್ (ಕರುಳು ಕೊಲೆಸ್ಟರಾಲ್ ಹೀರುವುದನ್ನು ತಗ್ಗಿಸುವ, ಗಿಡಗಳಲ್ಲಿರುವ ಅಂಶ) ಬೆರೆಸಿದ ಪದಾರ್ಥ ಸಿಕ್ಕಿದರೆ ದಿನಕ್ಕೆ 2 ಗ್ರಾಂ ಸ್ಟೆರಾಲ್ ಊಟದ ಜತೆಗೆ. ಅದು ನೂರಕ್ಕೆ 8ರಿಂದ 10ರಷ್ಟು ಇಳಿಸಬಲ್ಲದು. ಮಾಮೂಲಿ ಊಟದಲ್ಲಿ ಅಷ್ಟು ಸ್ಟೆರಾಲ್ ಸಿಗುವುದಿಲ್ಲ.

ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರು. 2003ರಲ್ಲಿ ಊಟವನ್ನು ತಾವೇ ಅಳೆದು ಕೊಟ್ಟಾಗ ನಾಲ್ಕು ವಾರದಲ್ಲಿ ಎಲ್‌ಡಿಎಲ್ ನೂರಕ್ಕೆ 28ಕ್ಕೂ ಹೆಚ್ಚು ಇಳಿಯಿತು, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಲೊವಾಸ್ಟ್ಯಾಟಿನ್ ಮಾತ್ರೆಯ ಹತ್ತಿರ ಹತ್ತಿರ. 2011ರಲ್ಲಿ ಸಲಹೆ ಮಾತ್ರ ಕೊಟ್ಟು ಮನೆಯಲ್ಲೇ ಮಾಡಿಕೊಳ್ಳಲು ಬಿಟ್ಟಾಗ ಆರು ತಿಂಗಳಲ್ಲಿ ಇಳಿದದ್ದು 13ರಷ್ಟು. ಪದಾರ್ಥಗಳು ಅವೇ. ಮನೆಯಲ್ಲಿ ಕಡಿಮೆಯಾದದ್ದು ಮುಖ್ಯವಾಗಿ ಗ್ರಾಂಗಳು ಮತ್ತು ತಪ್ಪದ ದಿನಗಳು. ಅದಕ್ಕೇ ಅಡುಗೆಮನೆಯಲ್ಲಿ ಒಂದು ಪುಟ್ಟ ತಕ್ಕಡಿ ಇರಲಿ ಎಂದು ಒತ್ತಿ ಹೇಳುವುದು. ಎರಡು ವಾರ ತೂಗಿದರೆ ಸಾಕು, ಆಮೇಲೆ ಬಟ್ಟಲಿನ ಗುರುತೇ ಅಭ್ಯಾಸವಾಗುತ್ತದೆ.

ನಡಿಗೆಯಿಂದ ಎಲ್‌ಡಿಎಲ್ ಇಳಿಯುವುದು ಅಲ್ಪ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ಇಲ್ಲವಾದರೆ ದಿನಾ ಬೆವರು ಸುರಿಸಿದವರು ವರದಿ ನೋಡಿ ಸೋತು ಕೂರುತ್ತಾರೆ. ನಡಿಗೆಗೆ ಇಳಿಯುವುದು ಟ್ರೈಗ್ಲಿಸರೈಡ್. ಎಚ್‌ಡಿಎಲ್ ತುಸು ಏರುತ್ತದೆ, ರಕ್ತದೊತ್ತಡ ತಗ್ಗುತ್ತದೆ. ವಾರಕ್ಕೆ 150 ನಿಮಿಷ, ಮಾತಾಡಲು ಆಗುವಂಥ, ಆದರೆ ಹಾಡಲು ಆಗದಂಥ ವೇಗ. ಮದ್ಯ ಬಿಟ್ಟರೆ ಟ್ರೈಗ್ಲಿಸರೈಡ್ ಇನ್ನೂ ಬೇಗ ಇಳಿಯುತ್ತದೆ. ಸಿಗರೇಟು ಬಿಟ್ಟರೆ ಎಚ್‌ಡಿಎಲ್ ಏರುತ್ತದೆ. ಹೃದಯಕ್ಕೆ ಅದರಿಂದಾಗುವ ಉಪಕಾರ ಈ ಅಂಕಿಗಳಲ್ಲಿ ಕಾಣುವುದಕ್ಕಿಂತ ಬಹಳ ದೊಡ್ಡದು.

ನಡುವೆ ಯಾರಾದರೂ ಕೆಂಪು ಯೀಸ್ಟ್ ಅಕ್ಕಿಯ ಮಾತ್ರೆ ಸೂಚಿಸಿದರೆ ಒಂದು ಮಾತು ನೆನಪಿರಲಿ. ಅದರಲ್ಲಿರುವ ಮೊನಾಕೊಲಿನ್-ಕೆ ಎಂಬುದೂ ಲೊವಾಸ್ಟ್ಯಾಟಿನ್ ಎಂಬುದೂ ಒಂದೇ ವಸ್ತು. ಅಡ್ಡಪರಿಣಾಮಗಳೂ ಅವೇ, ಆದರೆ ಪ್ರಮಾಣ ಮಾತ್ರ ಡಬ್ಬಿಯಿಂದ ಡಬ್ಬಿಗೆ ಬೇರೆ. ವೈದ್ಯರಿಗೆ ಹೇಳದೆ ತೆಗೆದುಕೊಳ್ಳಬಾರದು.

ಹನ್ನೆರಡನೇ ವಾರ ಮತ್ತೆ ರಕ್ತ ಕೊಡುವ ದಿನ. ಊಟದ ಪರಿಣಾಮ ಒಂದು ತಿಂಗಳೊಳಗೇ ಬಹುಪಾಲು ಕಾಣುತ್ತದೆ, ಆದರೆ ನಾರು ಪೂರ್ತಿ ಪ್ರಮಾಣಕ್ಕೆ ಬರಲು ಸಮಯ ಹಿಡಿದಿರುವುದರಿಂದ ಕಾಯುವುದು ಲೇಸು. ಅದೇ ಪ್ರಯೋಗಾಲಯ, ಅದೇ ಹೊತ್ತು, ಮೊದಲ ಸಲ ಉಪವಾಸವಿದ್ದರೆ ಈ ಸಲವೂ 9ರಿಂದ 12 ಗಂಟೆ ಉಪವಾಸ, ನೀರು ಕುಡಿಯಬಹುದು. ನಡೆದು ಬಂದವರು ತುಸು ಹೊತ್ತು ಕೂತು ರಕ್ತ ಕೊಡಿ, ನಿಂತಿರುವಾಗ ರಕ್ತ ಸಾಂದ್ರವಾಗಿ ಅಂಕಿ ಏರುತ್ತದೆ. ಈಚೆಗೆ ಜೋರು ಜ್ವರವೋ ಶಸ್ತ್ರಚಿಕಿತ್ಸೆಯೋ ಆಗಿದ್ದರೆ ಕೆಲವು ವಾರ ಮುಂದೂಡಿ. ಕಾಯಿಲೆಯಲ್ಲಿ ಎಲ್‌ಡಿಎಲ್ ತಾನಾಗಿ ಇಳಿದಿರುತ್ತದೆ, ಅದನ್ನು ಪಥ್ಯದ ಫಲ ಎಂದುಕೊಳ್ಳುವುದು ಮೋಸ. ತೂಕ ಭರದಿಂದ ಇಳಿಯುತ್ತಿದ್ದರೆ ತದ್ವಿರುದ್ಧ ಆಗಬಹುದು. ಕರಗುವ ಕೊಬ್ಬಿನಿಂದ ಕೊಲೆಸ್ಟರಾಲ್ ಹೊರಬಿದ್ದು ಅಂಕಿ ಕೆಲಕಾಲ ಮೇಲೆ ನಿಲ್ಲುವುದುಂಟು. ತೂಕ ಒಂದೆಡೆ ನಿಂತ ಮೇಲೆ ಪರೀಕ್ಷಿಸಿದರೆ ನಿಜ ತಿಳಿಯುತ್ತದೆ.

ಹೊಸ ವರದಿಯಲ್ಲಿ ಒಟ್ಟು 212, ಎಚ್‌ಡಿಎಲ್ 45, ಟ್ರೈಗ್ಲಿಸರೈಡ್ 150 ಬಂದರೆ ಎಲ್‌ಡಿಎಲ್ 137. ಮೊದಲಿನ 166ರಿಂದ 29 ಕಡಿಮೆ, ನೂರಕ್ಕೆ 17ರಷ್ಟು. ಇದು ನಿಜವಾದ ಇಳಿಕೆ. 166 ಇದ್ದದ್ದು 158 ಆಗಿದ್ದರೆ ಹಿಗ್ಗಬೇಕಾಗಿಲ್ಲ, 172 ಆಗಿದ್ದರೆ ಕುಗ್ಗಲೂಬೇಕಾಗಿಲ್ಲ. ಅಷ್ಟು ಏರಿಳಿತ ಒಬ್ಬರ ದೇಹದಲ್ಲೇ ವಾರದಿಂದ ವಾರಕ್ಕೆ ಇರುತ್ತದೆ. 137 ಸಾಕೇ ಎಂಬುದು ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸಿಗರೇಟು, ಮನೆತನದ ಚರಿತ್ರೆ ಎಲ್ಲವನ್ನೂ ಕೂಡಿಸಿ ವೈದ್ಯರು ಹೇಳಬೇಕಾದ ಮಾತು. ಈಗಾಗಲೇ ಹೃದಯದ ಕಾಯಿಲೆ ಇರುವವರಿಗೆ ಗುರಿ 70ಕ್ಕಿಂತ ಕೆಳಗೆ, ಅವರಿಗೆ ಮಾತ್ರೆ ಬೇಕೇ ಬೇಕು. ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರು ಇಳಿದ ಅಂಕಿ ನೋಡಿ ಮಾತ್ರೆ ತಾವೇ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಅದು ಹಳೆಯ ಜಾಗಕ್ಕೆ ಮರಳುತ್ತದೆ. ಎರಡೂ ವರದಿಗಳ ಜತೆಗೆ ಹನ್ನೆರಡು ವಾರದಲ್ಲಿ ನಿಜವಾಗಿ ತಿಂದದ್ದನ್ನು, ಬಿಟ್ಟುಹೋದ ದಿನಗಳನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದು ವೈದ್ಯರ ಮುಂದಿಡಿ. ಮಾತ್ರೆ ಬೇಕೋ, ಇನ್ನೊಂದು ಚಮಚ ಇಸಬ್ಗೋಲ್ ಸಾಕೋ ಎಂದು ಹೇಳಲು ಅವರಿಗೆ ಆ ಹಾಳೆ ಬೇಕಾಗುತ್ತದೆ.