ಬೇರೆ ಮೈದಾನದಲ್ಲಿ ಆಡಿದರಾಗದೆ?

ಊರಿಗೆ ಹೋದಾಗಲೆಲ್ಲ ನನಗೆ ಎರಡು ಪ್ರಶ್ನೆಗಳು ಕಾದಿರುತ್ತವೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮಗ್ಗುಲಲ್ಲೇ ಇದ್ದುಕೊಂಡು ಯುನೈಟೆಡ್, ಸಿಟಿ ಎಂಬ ದೊಡ್ಡ ಫುಟ್‌ಬಾಲ್ ತಂಡಗಳೆರಡನ್ನೂ ಬಿಟ್ಟು ಯಾರೂ ಕೇಳಿರದ ಬೆರಿ ತಂಡಕ್ಕೆ ಏಕೆ ಗಂಟುಬಿದ್ದಿದ್ದೀಯ ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಸುಲಭ. ಟಿಕೆಟ್ ಸಿಗುತ್ತದೆ, ಟ್ರಾಮ್ ಮನೆಯ ಹತ್ತಿರವೇ ಬರುತ್ತದೆ. ಎರಡನೆಯದು ನಮ್ಮ ಭಾವನದು, ಸ್ವಲ್ಪ ಬಿಗಿಯಾದದ್ದು: "ಒಂದು ಮೈದಾನಕ್ಕೆ ಬೀಗ ಬಿದ್ದರೆ ಇನ್ನೊಂದರಲ್ಲಿ ಆಡಿದರಾಗದೆ? ಅದಕ್ಕೆ ಊರಿಗೆ ಊರೇ ಅಳುವುದೆಂದರೇನು?"

ಭಾವ ಫುಟ್‌ಬಾಲ್ ಗೊತ್ತಿಲ್ಲದೆ ಕೇಳುವವರಲ್ಲ. ಬೆಂಗಳೂರು ಎಫ್‌ಸಿ ಪಂದ್ಯವಿದ್ದರೆ ನೀಲಿ ಅಂಗಿ ಹಾಕಿಕೊಂಡು ಕಂಠೀರವಕ್ಕೆ ಹೋಗುವವರು. ಅವರ ಲೆಕ್ಕ ಹೀಗೆ: 2013ರಲ್ಲಿ ಹುಟ್ಟಿದ ತಂಡ ಮೊದಲ ಋತುವನ್ನು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿತು, ಮರುವರ್ಷ ಕಂಠೀರವಕ್ಕೆ ಬಂತು. ತಂಡ ಜೆಎಸ್‌ಡಬ್ಲ್ಯು ಕಂಪನಿಯದು, ಕ್ರೀಡಾಂಗಣ ಸರ್ಕಾರದ್ದು. ಯಾರ ಕಣ್ಣಲ್ಲಿಯೂ ಒಂದು ಹನಿ ನೀರು ಬರಲಿಲ್ಲ. ಹಾಗಿರುವಾಗ ನಿಮ್ಮವರದೇನು ಈ ಗೋಳು?

ನಿಂತ ನಿಲುವಿನಲ್ಲಿ ಇದಕ್ಕೆ ಉತ್ತರ ಹೇಳಲು ನನಗೆ ಎಂದೂ ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಹೂಳುವುದಕ್ಕೆ ಬರೆಯುವ ಅಕ್ಷರಗಳನ್ನೇ ಈ ಊರಿನ ಹೆಸರಿಗೂ ಬರೆಯುತ್ತಾರೆ, ಉಚ್ಚಾರವೂ ಅದೇ, ಬೆರಿ. ತಂಡದ ಮೈದಾನ ಗಿಗ್ ಲೇನ್. ಅದರ ಒಂದು ತುದಿಯ ಆಚೆ ಸ್ಮಶಾನವಿದೆ, ಆ ತುದಿಯ ಸ್ಟ್ಯಾಂಡಿನ ಹೆಸರೇ ಸೆಮೆಟರಿ ಎಂಡ್. 2019ರಲ್ಲಿ ಕ್ಲಬ್ ಮುಳುಗಿ ಮೈದಾನಕ್ಕೆ ಬೀಗ ಬಿದ್ದಾಗ ಪತ್ರಿಕೆಗಳ ತಲೆಬರಹ ಬರೆಯುವವರಿಗೆ ಸುಗ್ಗಿಯೋ ಸುಗ್ಗಿ.

1885ರಲ್ಲಿ ಊರಿನ ಎರಡು ಚರ್ಚ್ ತಂಡಗಳು ಕೂಡಿ ಒಂದಾದವು. ಅಂದಿನಿಂದ ಕ್ಲಬ್ಬಿನ ನೆಲೆ ಗಿಗ್ ಲೇನ್. ಜಮೀನು ಡರ್ಬಿಯ ಅರ್ಲ್ ಎಂಬ ಜಮೀನ್ದಾರನದು. 1922ರಲ್ಲಿ ಆತ ಅದನ್ನು ಕ್ಲಬ್ಬಿಗೆ ದಾನವಾಗಿ ಕೊಟ್ಟ. ಈ ದಾನದ ಸಂಗತಿ ನೆನಪಿನಲ್ಲಿರಲಿ. ಈ ಪುಟ್ಟ ಊರಿನ ತಂಡ ಇಂಗ್ಲೆಂಡಿನ ಹೆಸರಾಂತ ನಾಕೌಟ್ ಟೂರ್ನಿ ಎಫ್‌ಎ ಕಪ್ಪನ್ನು ಎರಡು ಸಲ ಗೆದ್ದಿದೆ, 1900ರಲ್ಲಿ ಮತ್ತು 1903ರಲ್ಲಿ. ಎರಡನೆಯ ಸಲ ಫೈನಲ್‌ನಲ್ಲಿ ಡರ್ಬಿ ಕೌಂಟಿಯನ್ನು 6-0ಯಿಂದ ಬಡಿದದ್ದು ಫೈನಲ್‌ಗಳ ಅತಿ ದೊಡ್ಡ ಗೆಲುವಿನ ದಾಖಲೆ. ನೂರು ವರ್ಷ ದಾಟಿದ ಆ ದಾಖಲೆಯನ್ನು ಮ್ಯಾಂಚೆಸ್ಟರ್ ಸಿಟಿ ಸರಿಗಟ್ಟಿದ್ದು 2019ರ ಮೇ ತಿಂಗಳಲ್ಲಿ. ಆಮೇಲೆ ಮೂರೇ ತಿಂಗಳು, ಬೆರಿ ಲೀಗ್‌ನಲ್ಲೇ ಇರಲಿಲ್ಲ.

ಆದದ್ದಿಷ್ಟು. ಕ್ಲಬ್ ವರ್ಷಗಳಿಂದ ಆದಾಯಕ್ಕಿಂತ ಹೆಚ್ಚು ಖರ್ಚು ಮಾಡುತ್ತ ಬಂದಿತ್ತು. ದಾನವಾಗಿ ಬಂದ ಮೈದಾನವನ್ನು ಅಡವಿಟ್ಟು ಸಾಲ ಎತ್ತಲಾಗಿತ್ತು. ಕಾರು ನಿಲ್ಲಿಸುವ ಜಾಗಗಳನ್ನು ಕೂಡ ಬಿಡಿಬಿಡಿಯಾಗಿ ಹೂಡಿಕೆದಾರರಿಗೆ ಮಾರಲಾಗಿತ್ತು. 2018ರ ಡಿಸೆಂಬರ್‌ನಲ್ಲಿ ಆಗಿನ ಮಾಲೀಕ ಸ್ಟುವರ್ಟ್ ಡೇ ಕ್ಲಬ್ಬನ್ನು ಸ್ಟೀವ್ ಡೇಲ್ ಎಂಬ ವ್ಯಾಪಾರಿಗೆ ಮಾರಿದರು. ಬೆಲೆ ಒಂದು ಪೌಂಡ್. ಬಿಟ್ಟಿ ಸಿಕ್ಕಿತೆಂದು ಆನೆ ತಂದರೆ ದಿನಾ ಅದಕ್ಕೆ ಮೇವು ಹಾಕಬೇಕಲ್ಲ. ಮುಂದಿನ ವಸಂತದ ಹೊತ್ತಿಗೆ ಆಟಗಾರರಿಗೆ ಸಂಬಳವಿಲ್ಲ. ವಿಚಿತ್ರವೆಂದರೆ ಆ ಹುಡುಗರು ಸಂಬಳವಿಲ್ಲದೆಯೇ ಆಡಿ, ನಾಲ್ಕನೇ ಶ್ರೇಣಿಯಲ್ಲಿ ಎರಡನೆಯವರಾಗಿ ಮೂರನೇ ಶ್ರೇಣಿಗೆ ಬಡ್ತಿ ಪಡೆದರು. ಬಡ್ತಿ ಸಿಕ್ಕ ತಂಡ ಹೊಸ ಋತುವಿನಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಕ್ಲಬ್ ನಡೆಸಲು ಬೇಕಾದ ಹಣ ಎಲ್ಲಿದೆ ತೋರಿಸಿ ಎಂದು ಲೀಗ್ ಕೇಳುತ್ತಲೇ ಇತ್ತು, ಒಂದರ ಹಿಂದೆ ಒಂದು ಪಂದ್ಯವನ್ನು ತಡೆಹಿಡಿಯುತ್ತಲೇ ಇತ್ತು. ಆ ಬೇಸಿಗೆಯಲ್ಲಿ ಡೇಲ್ ರೇಡಿಯೋದಲ್ಲಿ ಆಡಿದ ಮಾತೊಂದನ್ನು ಇಲ್ಲಿನವರು ಇಂದಿಗೂ ಬಾಯಿಪಾಠವಾಗಿ ಒಪ್ಪಿಸುತ್ತಾರೆ: ತಾನು ಫುಟ್‌ಬಾಲ್ ಅಭಿಮಾನಿಯೇ ಅಲ್ಲ, ಬೆರಿ ಎಂಬ ತಂಡ ಇದೆಯೆಂಬುದೂ ತನಗೆ ಗೊತ್ತಿರಲಿಲ್ಲ.

ನನ್ನ ಕೇಳಿದರೆ ಡೇಲ್‌ಗಿಂತ ಹೆಚ್ಚು ಸಿಟ್ಟು ಬರಬೇಕಾದದ್ದು ನಿಯಮದ ಮೇಲೆ. ಕ್ಲಬ್ ಕೊಳ್ಳುವವನ ಬಳಿ ಅದನ್ನು ನಡೆಸುವ ದುಡ್ಡಿದೆಯೇ ಎಂಬ ವಿಚಾರಣೆ ಆಗ ಕೊಂಡು ಮುಗಿದ ಮೇಲೂ ನಡೆಯಬಹುದಿತ್ತು. ನಮ್ಮ ಕಡೆ ಹೆಣ್ಣು ಕೊಡುವವರು ಕೂಡ ಇದಕ್ಕಿಂತ ಹೆಚ್ಚು ವಿಚಾರಿಸುತ್ತಾರೆ.

ಆಗಸ್ಟ್ ಕೊನೆಯ ವಾರದಲ್ಲಿ ಊರು ಇಷ್ಟಿಷ್ಟೇ ಹುಚ್ಚಾಯಿತು ಎನ್ನಬೇಕು. ಹಿಂದೆ ಕ್ಲಬ್ಬಿನ ನಿರ್ದೇಶಕಿಯಾಗಿದ್ದ ಜಾಯ್ ಹಾರ್ಟ್ ಮೈದಾನದ ಕಟ್ಟಡದ ನೀರಿನ ಪೈಪಿಗೆ ತಮ್ಮನ್ನು ತಾವೇ ಬೇಡಿ ಹಾಕಿಕೊಂಡು ನಿಂತರು. ಅಲ್ಲಿಯ ಒಂದು ಸ್ಟ್ಯಾಂಡಿಗೆ ಅವರ ತಂದೆ ಲೆಸ್ ಹಾರ್ಟ್ ಅವರ ಹೆಸರಿದೆ. ಕೊನೆಗೆ ಒಂದು ಸಂಸ್ಥೆ ಕೊಳ್ಳಲು ಮುಂದೆ ಬಂತು. ಇನ್ನೇನು ಕಾಗದಕ್ಕೆ ಸಹಿ ಬೀಳುತ್ತದೆ ಎಂಬ ಸುದ್ದಿ ಹಬ್ಬಿತು. 27ರ ಬೆಳಿಗ್ಗೆ ನೂರಾರು ಜನ ಪೊರಕೆ, ಬಕೆಟ್ಟು, ಕಸದ ಚೀಲ ಹಿಡಿದು ಗಿಗ್ ಲೇನ್‌ಗೆ ಬಂದರು. ಕಳೆ ಕಿತ್ತರು, ಕುರ್ಚಿ ಒರೆಸಿದರು, ಮೆಟ್ಟಿಲು ತೊಳೆದರು. ಆ ವಾರಾಂತ್ಯದ ಪಂದ್ಯಕ್ಕೆ ಮೈದಾನ ಸಿದ್ಧವಾಗಿರಬೇಕಿತ್ತಲ್ಲ. ನಮ್ಮೂರ ಜಾತ್ರೆಯ ಹಿಂದಿನ ದಿನ ಗುಡಿಯ ಅಂಗಳ ಗುಡಿಸುವ ಗಡಿಬಿಡಿಯೇ ಅದು. ಸಂಜೆ ಐದಕ್ಕೆ ಗಡುವು. ಕೊಳ್ಳಲು ಬಂದವರು ಲೆಕ್ಕಪತ್ರ ನೋಡಿ ಹಿಂದೆ ಸರಿದರು. ರಾತ್ರಿ ಮಲಗುವ ಹೊತ್ತಿಗೆ ಪ್ರಕಟಣೆ ಬಂತು: 1894ರಿಂದ ಲೀಗ್‌ನಲ್ಲಿದ್ದ ಬೆರಿಯನ್ನು ಹೊರಹಾಕಲಾಗಿದೆ. ತೊಳೆದ ಮೆಟ್ಟಿಲ ಮೇಲೆ ಆಮೇಲೆ ನಾಲ್ಕು ವರ್ಷ ಯಾರೂ ಪಂದ್ಯ ನೋಡಲು ಕೂರಲಿಲ್ಲ.

ಇಲ್ಲಿಗೆ ಭಾವನ ಪ್ರಶ್ನೆ ಬರುತ್ತದೆ. ಬೇರೆ ಕಡೆ ಆಡಿದರಾಗದೆ?

ಆಡಿದರು. ಬೆರಿಯ ವಿಶೇಷವೇ ಅದು, ಭಾವನ ಪ್ರಶ್ನೆಯನ್ನು ಈ ಊರು ಪ್ರಯೋಗ ಮಾಡಿಯೇ ನೋಡಿತು. 2019 ಮುಗಿಯುವುದರೊಳಗೆ ಅಭಿಮಾನಿಗಳೇ ಸೇರಿ ಬೆರಿ ಎಎಫ್‌ಸಿ ಎಂಬ ಹೊಸ ಕ್ಲಬ್ ಕಟ್ಟಿದರು. ಪಕ್ಕದ ರ‍್ಯಾಡ್‌ಕ್ಲಿಫ್‌ನ ಸ್ಟೇಂಟನ್ ಪಾರ್ಕ್ ಮೈದಾನವನ್ನು ಹಂಚಿಕೊಂಡು, ಹತ್ತನೇ ಶ್ರೇಣಿಯಿಂದ ಆಟ ಶುರುಮಾಡಿದರು. ದೂರವೂ ಇಲ್ಲ, ನನ್ನ ಟ್ರಾಮ್ ದಾರಿಯಲ್ಲೇ ರ‍್ಯಾಡ್‌ಕ್ಲಿಫ್ ಬರುತ್ತದೆ. ಬಣ್ಣ ಅದೇ, ಬಿಳಿ ಅಂಗಿ. ಕೂಗು ಅದೇ. ನಾನೂ ಹೋದೆ. ಆಟ ಚೆನ್ನಾಗಿತ್ತು, ಗೆಲ್ಲುತ್ತಲೂ ಇದ್ದರು.

ನನ್ನ ನೆರೆಮನೆಯ ಮುದುಕರು ಬರಲಿಲ್ಲ. ಎಪ್ಪತ್ತು ದಾಟಿದವರು, ಹತ್ತಿ ಗಿರಣಿಯಲ್ಲಿ ದುಡಿದ ತಂದೆಯ ಹೆಗಲ ಮೇಲೆ ಕೂತು ಮೊದಲ ಪಂದ್ಯ ನೋಡಿದವರು. ನನ್ನನ್ನು ಗಿಗ್ ಲೇನ್‌ಗೆ ಮೊದಲು ಕರೆದೊಯ್ದವರೂ ಅವರೇ. ಆ ದಿನ ಕೊರೆಯುವ ಚಳಿಯಲ್ಲಿ ಚೀಸ್ ಮತ್ತು ಈರುಳ್ಳಿಯ ಪೈ ಕೊಡಿಸಿ, ಬೋವ್ರಿಲ್ ಎಂಬ ಕಪ್ಪು ಕಷಾಯವನ್ನೂ ಮುಂದೆ ಹಿಡಿದಿದ್ದರು. ಅದು ದನದ ಮಾಂಸದ ಸಾರ ಎಂದು ತಿಳಿದು ನಾನು ಕೈ ಹಿಂದಕ್ಕೆಳೆದದ್ದನ್ನು ಇಂದಿಗೂ ಆಡಿಕೊಳ್ಳುತ್ತಾರೆ. ರ‍್ಯಾಡ್‌ಕ್ಲಿಫ್‌ಗೆ ಬನ್ನಿ ಎಂದು ಮೂರು ಸಲ ಕರೆದೆ. "ಅದು ಪಂದ್ಯ. ನಾನು ಹೋಗುತ್ತಿದ್ದದ್ದು ಪಂದ್ಯಕ್ಕಲ್ಲ" ಎಂದರು. ಹಾಗಾದರೆ ಯಾವುದಕ್ಕೆ ಎಂದು ಕೇಳಿದೆ. ಆಗ ಅವರು ಹೇಳಿದ್ದು ತಮ್ಮ ಹಿಂದಿನ ಸಾಲಿನವನ ಕಥೆ.

ಸುಮಾರು ಮೂವತ್ತು ವರ್ಷ ಒಬ್ಬ ಮನುಷ್ಯ ಅವರ ಹಿಂದಿನ ಸಾಲಿನಲ್ಲಿ, ಸ್ವಲ್ಪ ಎಡಕ್ಕೆ ಕೂರುತ್ತಿದ್ದ. ರೆಫರಿ ತಪ್ಪು ಕೊಟ್ಟಾಗ ಇವರು ಎದ್ದು ಒಂದು ಬೈಗುಳದ ಅರ್ಧ ಹೇಳುವುದು, ಉಳಿದರ್ಧವನ್ನು ಹಿಂದಿನಿಂದ ಆತ ಮುಗಿಸುವುದು, ಇದು ರೂಢಿ. ಆತನ ಹೆಂಡತಿಯ ಮಂಡಿನೋವು ಇವರಿಗೆ ಗೊತ್ತು, ಮಗ ಆಸ್ಟ್ರೇಲಿಯಾಕ್ಕೆ ಹೋದದ್ದು ಗೊತ್ತು. ಮನೆ ಎಲ್ಲಿ ಎಂದು ಗೊತ್ತಿಲ್ಲ. ಫೋನ್ ನಂಬರೂ ಇಲ್ಲ. ಬೇಕಾಗಿರಲಿಲ್ಲ, ಎರಡು ವಾರಕ್ಕೊಮ್ಮೆ ಶನಿವಾರ ಮೂರು ಗಂಟೆಗೆ ಆತ ಅಲ್ಲಿಯೇ ಇರುತ್ತಿದ್ದ. ಗೇಟಿಗೆ ಬೀಗ ಬಿದ್ದ ದಿನ ಆ ಮನುಷ್ಯ ಇವರ ಪಾಲಿಗೆ ಇಲ್ಲವಾದ. ಬದುಕಿದ್ದಾನೋ ಇಲ್ಲವೋ ಎಂದು ಯಾರನ್ನು ಕೇಳುವುದು?

ಬೀಗದ ವರ್ಷಗಳಲ್ಲಿ ಮುದುಕರು ವಾಯುವಿಹಾರಕ್ಕೆಂದು ಟ್ರಾಮ್ ಹಿಡಿದು ಹೋಗಿ ಗಿಗ್ ಲೇನ್ ಸುತ್ತಿ ಬರುತ್ತಿದ್ದರು. ಒಮ್ಮೆ ಜೊತೆಗೆ ಹೋದೆ. ಗೇಟಿನ ಸಂದಿಯಲ್ಲಿ ಕಣ್ಣಿಟ್ಟು ನೋಡಿದರೆ ಮೈದಾನದ ತುಂಬ ಕಳೆ, ಗೋಲಿನ ಗುರುತೂ ಕಾಣದು. ಇಲ್ಲಿ ಅಭಿಮಾನಿ ಸತ್ತರೆ ಅವನ ಬೂದಿಯನ್ನು ತನ್ನ ತಂಡದ ಮೈದಾನದಲ್ಲಿ ಚೆಲ್ಲುವ ರೂಢಿ ಇಂಗ್ಲೆಂಡಿನ ಹಲವು ಊರುಗಳಲ್ಲಿದೆ. ಶ್ರೀರಂಗಪಟ್ಟಣಕ್ಕೆ ಅಸ್ಥಿ ಒಯ್ಯುವ ಮನೆಯಿಂದ ಬಂದ ನನಗೆ ಅದು ಮೊದಲು ತಮಾಷೆಯಾಗಿ ಕಂಡಿತ್ತು. ಆ ಸಂದಿಯಲ್ಲಿ ನೋಡಿದ ಮೇಲೆ ಹಾಗೆನ್ನಿಸಲಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಆಕೆ ಒಂದು ಮಾತು ಹೇಳಿದಳು. "ಉತ್ಸವಮೂರ್ತಿ ಊರೆಲ್ಲ ಮೆರೆದು ಬರಬಹುದು. ರಾತ್ರಿಗೆ ಗುಡಿ ಬೇಕಲ್ಲ?" ಅಂದಿನಿಂದ ಭಾವನಿಗೆ ನಾನು ಕೊಡುವ ಉತ್ತರ ಇದೇ. ಅಮ್ಮನದೆಂದು ಹೇಳುವುದಿಲ್ಲ.

ಭಾವ ಬಿಡುವವರಲ್ಲ. ಆರ್ಸೆನಲ್ 2006ರಲ್ಲಿ ಹೈಬರಿ ಬಿಡಲಿಲ್ಲವೇ ಎನ್ನುತ್ತಾರೆ. ಬಿಟ್ಟಿತು. ಹೊಸ ಮನೆ ಕಟ್ಟಿಕೊಂಡು, ದಿನ ನೋಡಿ, ಹಳೆಯ ಮನೆಗೆ ಕೈಮುಗಿದು ಹೋಗುವುದು ಬೇರೆ, ಸಾಮಾನು ಬೀದಿಗೆ ಎಸೆಸಿಕೊಳ್ಳುವುದು ಬೇರೆ. ಬ್ರೈಟನ್ ತಂಡದ ಗೋಲ್ಡ್‌ಸ್ಟೋನ್ ಮೈದಾನವನ್ನು ಮಾಲೀಕರು ಮಾರಿದರು, 1997ರಲ್ಲಿ ಕೊನೆಯ ಪಂದ್ಯ ನಡೆಯಿತು, ಆಮೇಲೆ ಎರಡು ವರ್ಷ ತಂಡ ದೂರದ ಜಿಲ್ಲಿಂಗ್‌ಹ್ಯಾಮ್‌ನಲ್ಲಿ ಪರದೇಶಿಯಾಗಿತ್ತು. ಸ್ವಂತ ನೆಲೆ ಸಿಕ್ಕಿದ್ದು 2011ರಲ್ಲಿ. ಇಂದು ಪ್ರೀಮಿಯರ್ ಲೀಗ್‌ನಲ್ಲಿದೆ, ನಿಜ. ಮೈದಾನ ಹೋದರೆ ಕ್ಲಬ್ ಸಾಯಲೇಬೇಕೆಂದಿಲ್ಲ. ಆದರೆ ನಡುವೆ ಹದಿನಾಲ್ಕು ವರ್ಷ ಹೋದವು. ಮುದುಕರ ಬಳಿ ಅಷ್ಟು ವರ್ಷ ಇರುವುದಿಲ್ಲ.

ಕಾನೂನಿನ ಕಣ್ಣಿಗೆ ಇಂಗ್ಲೆಂಡಿನ ಕ್ಲಬ್ ಒಂದು ಕಂಪನಿ, ಷೇರು ಇದ್ದವನು ಮಾಲೀಕ. ಮೈದಾನ ಆ ಕಂಪನಿಯ ಆಸ್ತಿ, ಅಷ್ಟೇ. ಸಣ್ಣ ಕ್ಲಬ್ಬಿನಲ್ಲಿ ಮಾರಲು, ಅಡವಿಡಲು ಯೋಗ್ಯವಾದ ಆಸ್ತಿ ಅದೊಂದೇ ಆದ್ದರಿಂದ ಸಾಲ ಹೆಚ್ಚಿದಾಗ ಮೊದಲು ಕೈ ಹೋಗುವುದು ಅಲ್ಲಿಗೇ. ಬೆರಿ ಮುಳುಗಿದ ಮೇಲೆ ದೊಡ್ಡವರಿಗೂ ಎಚ್ಚರವಾಯಿತು. 2021ರಲ್ಲಿ ಆಗಿನ ಸಂಸದೆ ಟ್ರೇಸಿ ಕ್ರೌಚ್ ನೇತೃತ್ವದ ಸರ್ಕಾರಿ ಪರಿಶೀಲನೆ ಫುಟ್‌ಬಾಲಿಗೆ ಸ್ವತಂತ್ರ ನಿಯಂತ್ರಕ ಬೇಕೆಂದಿತು, 2025ರಲ್ಲಿ ಅದು ಕಾಯ್ದೆಯಾಯಿತು. ಇನ್ನು ಮೇಲೆ ನಿಯಂತ್ರಕರ ಒಪ್ಪಿಗೆಯಿಲ್ಲದೆ ಮೈದಾನವನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಆದರೆ ಕಾಯ್ದೆ ಅನ್ವಯಿಸುವುದು ಮೇಲಿನ ಐದು ಶ್ರೇಣಿಗಳಿಗೆ. ಯಾವ ಊರಿನ ಗೋಳಿನಿಂದ ಕಾಯ್ದೆ ಹುಟ್ಟಿತೋ ಆ ಊರಿನ ತಂಡ ಅದರ ನೆರಳಿನಿಂದ ಹೊರಗಿದೆ.

ಕಥೆಯ ಉಳಿದ ಭಾಗ ಜಗಳ. 2022ರ ಫೆಬ್ರುವರಿಯಲ್ಲಿ ಅಭಿಮಾನಿಗಳ ಇನ್ನೊಂದು ಗುಂಪು, ಸರ್ಕಾರದ ನಿಧಿಯ ಹತ್ತು ಲಕ್ಷ ಪೌಂಡ್ ಮತ್ತು ಅಮೆರಿಕದಲ್ಲಿರುವ ಅಭಿಮಾನಿಯೊಬ್ಬರ ದೇಣಿಗೆ ಸೇರಿಸಿ, ಗಿಗ್ ಲೇನನ್ನೂ ಹಳೆಯ ಹೆಸರನ್ನೂ ಕೊಂಡಿತು. ಈಗ ಒಂದು ಗುಂಪಿಗೆ ತಂಡವಿದೆ, ಮೈದಾನವಿಲ್ಲ. ಇನ್ನೊಂದಕ್ಕೆ ಮೈದಾನವಿದೆ, ತಂಡವಿಲ್ಲ. ಕೂಡಿಬಿಡಿ ಎಂದು ಹೊರಗಿನವರು ಹೇಳುವುದು ಸುಲಭ. ಒಡೆದ ಅಣ್ಣತಮ್ಮಂದಿರ ಮನೆ ನೋಡಿದವರಿಗೆ ಗೊತ್ತು, ಹೊರಗಿನವನ ಜೊತೆ ಆಡಿದ ಜಗಳ ಮರೆತುಹೋಗುತ್ತದೆ. ಬಿಟ್ಟು ಹೋದವರು ನೀವು ಎಂದು ಇವರು, ಆಟವನ್ನು ಬದುಕಿಸಿದವರು ನಾವು ಎಂದು ಅವರು. ಒಂದೇ ಪಬ್ಬಿನಲ್ಲಿ ಎರಡು ಮೇಜು. 2022ರ ಅಕ್ಟೋಬರ್‌ನಲ್ಲಿ ವಿಲೀನಕ್ಕೆ ಮತ ಹಾಕಿದಾಗ ಒಂದು ಕಡೆ ಬೇಕಾದಷ್ಟು ಮತ ಸ್ವಲ್ಪದರಲ್ಲೇ ತಪ್ಪಿತು. ಮುಂದಿನ ವರ್ಷ ಮತ್ತೆ ಹಾಕಿದರು, ದಾಟಿತು. 1885ರಲ್ಲಿ ಎರಡು ಚರ್ಚುಗಳು ಕೂಡುವಾಗಲೂ ಇಷ್ಟೇ ಜಗಳವಾಗಿರಬೇಕು ಎಂಬುದು ನನ್ನ ಅನುಮಾನ.

ಕೂಡಿದ ಕ್ಲಬ್ 2023ರಲ್ಲಿ ಹಳೆಯ ಹೆಸರಿನಲ್ಲಿ ಗಿಗ್ ಲೇನ್‌ಗೆ ಮರಳಿತು. ಒಂಬತ್ತನೇ ಶ್ರೇಣಿ. ಆ ಮಟ್ಟದ ಪಂದ್ಯಗಳಿಗೆ ಸಾಮಾನ್ಯವಾಗಿ ಕೆಲವು ನೂರು ಜನ ಬಂದರೆ ಹೆಚ್ಚು, ಇಲ್ಲಿ ಸಾವಿರಗಟ್ಟಲೆ ಬಂದರು. 2025ರಲ್ಲಿ ಎಂಟಕ್ಕೆ ಏರಿತು.

ಮರಳಿದ ಋತುವಿನ ಮೊದಲ ಪಂದ್ಯಗಳಲ್ಲೊಂದಕ್ಕೆ ಮುದುಕರ ಜೊತೆ ಹೋದೆ. ಟ್ರಾಮಿನಲ್ಲಿ ಮಾತಿಲ್ಲ, ಮ್ಯಾಂಚೆಸ್ಟರ್ ರಸ್ತೆಯ ಉದ್ದಕ್ಕೂ ಮಾತಿಲ್ಲ. ಅತ್ತುಬಿಟ್ಟರೆ ಏನು ಮಾಡುವುದು ಎಂದು ನಾನು ಜೇಬಿನಲ್ಲಿ ಕರವಸ್ತ್ರ ಮುಟ್ಟಿ ನೋಡಿಕೊಂಡೆ. ಅಳಲಿಲ್ಲ. ತಮ್ಮ ಜಾಗ ಹುಡುಕಿ, ಕುರ್ಚಿಯನ್ನು ಟೋಪಿಯಿಂದ ಎರಡು ಸಲ ಬಡಿದು ಕೂತರು. ಆಟ ಶುರುವಾಗಿ ಹತ್ತು ನಿಮಿಷವಾಗಿರಬೇಕು, ನಮ್ಮ ಹುಡುಗ ಚೆಂಡು ಹಿಡಿದು ಓಡುತ್ತಿದ್ದಾಗ ಆಫ್‌ಸೈಡ್ ಬಾವುಟ ಏರಿತು. ಮುದುಕರು ಎದ್ದು ನಿಂತು ಆ ಹಳೆಯ ಬೈಗುಳದ ಅರ್ಧವನ್ನು ಕೂಗಿದರು.

ಹಿಂದಿನ ಸಾಲಿನಿಂದ, ಸ್ವಲ್ಪ ಎಡಗಡೆಯಿಂದ, ಉಳಿದರ್ಧ ಬಂತು.

ಅವರು ತಿರುಗಿ ನೋಡಲೂ ಇಲ್ಲ. ಕೂತುಕೊಂಡು ಟೋಪಿ ಸರಿಮಾಡಿಕೊಂಡರು.